ಒಕ್ಕಣ್ಣಿನ ಕರಿ ನಾಯಿಯನ್ನು ಮನೆಗೆ ತರಬಹುದಾ?

ಪ್ರಶ್ನೆ: ನಾವಿರುವುದು ಡೊಂಬಿವಲಿಯಲ್ಲಿ. ಮಗಳಿಗೆ ನಾಯಿ ಬೇಕೆಂದು ಶೆಲ್ಟರ್‌ಗೆ ಹೋಗಿದ್ದೆವು. ಅವಳು ಮೆಚ್ಚಿದ್ದು ಒಂದು ಕರಿ ಬೀದಿನಾಯಿಯನ್ನು. ಮೂರು ವರ್ಷದ್ದಂತೆ. ಒಂದು ಕಣ್ಣು ಬೆಳ್ಳಗಾಗಿದೆ, ಕಿವಿಯ ತುದಿ ತುಂಡಾಗಿದೆ. ಮೂಲೆಯಲ್ಲಿ ಮಲಗಿದ್ದದ್ದು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಯಜಮಾನರು ಗೋಲ್ಡನ್ ರಿಟ್ರೀವರ್ ಮರಿ ತರೋಣ ಅಂತಾರೆ. ಅತ್ತೆಗೆ ಕಪ್ಪು ಬಣ್ಣವೇ ಆಗಲ್ಲ. ಏನು ಮಾಡಲಿ?

ಪಶುವೈದ್ಯರ ಉತ್ತರ: ಕಿವಿಯ ವಿಷಯ ಮೊದಲು ಮುಗಿಸೋಣ. ಅದು ಬಹುಶಃ ಗಾಯವಲ್ಲ, ಗುರುತು. ಬೀದಿನಾಯಿಗೆ ಮಕ್ಕಳಾಗದ ಆಪರೇಷನ್ ಮಾಡಿದಾಗ, ಅರಿವಳಿಕೆಯಲ್ಲಿರುವಾಗಲೇ ಕಿವಿಯನ್ನು ಚೂರು ಕತ್ತರಿಸುತ್ತಾರೆ. ಅದೇ ನಾಯಿಯನ್ನು ಮತ್ತೆ ಹಿಡಿದು ತರಬಾರದಲ್ಲ, ಅದಕ್ಕೆ. ರೇಬಿಸ್ ಲಸಿಕೆಯನ್ನೂ ಸಾಮಾನ್ಯವಾಗಿ ಆಗಲೇ ಹಾಕಿರುತ್ತಾರೆ. ಕಾರ್ಡ್ ಕೇಳಿ ನೋಡಿ.

ಕಣ್ಣನ್ನು ಮಾತ್ರ ವೈದ್ಯರಿಗೆ ತೋರಿಸಲೇಬೇಕು. ಹಳೇ ಗಾಯದ ಕಲೆಯಾದರೆ ಚಿಂತೆಯಿಲ್ಲ. ಒಳಗಿನ ಒತ್ತಡ ಏರಿದ್ದರೆ ನೋವಿರುತ್ತದೆ, ಬಿಡುವಂತಿಲ್ಲ. ದೃಷ್ಟಿ ಹೋಗಿದ್ದರೂ ಉಳಿದ ಕಣ್ಣು, ಮೂಗು, ಕಿವಿ ನಂಬಿಕೊಂಡು ನಾಯಿ ಆರಾಮಾಗಿರುತ್ತದೆ. ಕಾಣದ ಕಡೆಯಿಂದ ದಿಢೀರನೆ ಮುಟ್ಟಬಾರದು, ಮೊದಲು ಹೆಸರು ಕರೆಯಬೇಕು ಅಂತ ಮಗಳಿಗೆ ಹೇಳಿಕೊಡಿ.

ಇನ್ನು ಆ ಮೂಲೆ. ಸುತ್ತ ಹತ್ತಾರು ನಾಯಿಗಳು ಬೊಗಳುತ್ತಿರುವಾಗ ಕೆಲವು ನಾಯಿಗಳು ಮುದುಡಿ ಕೂರುತ್ತವೆ. ಕೆಲವು ಜಾಲರಿಗೆ ಹಾರಿ ಕುಣಿಯುತ್ತವೆ, ಜನ ಅವನ್ನೇ ಮೆಚ್ಚುತ್ತಾರೆ. ಎರಡರಲ್ಲೂ ಅರ್ಧ ಗಾಬರಿಯೇ. ಹಾಗಾಗಿ ಜಾಲರಿಯ ಹಿಂದೆ ಕಂಡದ್ದನ್ನು ಸ್ವಭಾವ ಅಂತ ನಾನು ಒಪ್ಪಲ್ಲ. ಇನ್ನೊಮ್ಮೆ ಹೋಗಿ, ಬೆಲ್ಟ್ ಹಾಕಿಸಿ ಹೊರಗೆ ಕರೆದೊಯ್ಯಿರಿ. ಮೊದಲ ಹತ್ತು ನಿಮಿಷ ಸುಮ್ನೆ ನಡೆಯಿರಿ, ಮುದ್ದು ಮಾಡಬೇಡಿ. ಆಮೇಲೆ ಪಕ್ಕಕ್ಕೆ ತಿರುಗಿ ಕುಳಿತುಕೊಳ್ಳಿ. ಬಂದು ಮೂಸಿತೇ? ಬೇಯಿಸಿದ ಕೋಳಿ ಚೂರನ್ನು ಅಂಗೈಯಲ್ಲಿಟ್ಟರೆ ಮೆತ್ತಗೆ ತಗೊಂಡಿತೇ, ಇಲ್ಲ ಕಸಿದುಕೊಂಡಿತೇ? ಆಟೋ ಹಾರ್ನ್‌ಗೆ ಬೆಚ್ಚಿದರೂ ಬೇಗ ಸುಧಾರಿಸಿಕೊಂಡಿತೇ? ನನಗೆ ಇದೇ ಮುಖ್ಯ, ಬೆಚ್ಚುವುದು ತಪ್ಪಲ್ಲ. ದಿನಾ ಊಟ ಹಾಕುವವರನ್ನೂ ಕೇಳಿ: ತಟ್ಟೆಯ ಹತ್ತಿರ ಹೋದರೆ ಗುರ್ ಅನ್ನುತ್ತಾ, ಮಕ್ಕಳ ಜೊತೆ ಹೇಗೆ ಅಂತ. ಗುರ್ ಅನ್ನುವ ನಾಯಿಯಾದರೆ ಮಗು ಇರುವ ಮನೆಗೆ ನಾನು ಬೇಡ ಅಂತೀನಿ, ಎಷ್ಟೇ ಚೆನ್ನಾಗಿ ಕಾಣಲಿ.

ಗೋಲ್ಡನ್ ಒಳ್ಳೆಯ ತಳಿಯೇ. ಆದರೆ ದಪ್ಪ ಕೂದಲು, ನಮ್ಮ ಸೆಕೆ. ಸೊಂಟದ ಕೀಲಿನ ತೊಂದರೆಯೂ ಈ ತಳಿಯಲ್ಲಿ ಜಾಸ್ತಿ. ಅಲ್ಲದೆ ಮರಿ ಅಂದರೆ ತಿಂಗಳುಗಟ್ಟಲೆ ಉಚ್ಚೆ ಒರೆಸುವುದು, ಕಚ್ಚಿದ ಚಪ್ಪಲಿ. ಬೆಳೆದ ನಾಯಿಯಾದರೆ ಗಾತ್ರ, ಗುಣ ಎರಡೂ ಕಣ್ಣೆದುರೇ ಇರುತ್ತವೆ.

ಅತ್ತೆಯವರಿಗೆ ಕಾಲಭೈರವನ ವಾಹನ ಯಾವುದು ಅಂತ ಕೇಳಿ ನೋಡಿ!

ತರುವುದಾದರೆ ಕೆಲವು ಮಾತು. ಮೊದಲ ದಿನಗಳಲ್ಲಿ ಊಟ ಬಿಟ್ಟು ಮಂಚದಡಿ ಸೇರಬಹುದು, ಎಳೆಯಬೇಡಿ. ಸ್ನಾನಕ್ಕೆ ಅವಸರ ಬೇಡ. ಹೊಸ ನಾಯಿಗಳು ತಪ್ಪಿಸಿಕೊಳ್ಳುವುದು ಈ ದಿನಗಳಲ್ಲೇ, ಕೊರಳಪಟ್ಟಿ ಜೊತೆ ಎದೆಪಟ್ಟಿಯನ್ನೂ ಹಾಕಿ. ಉಣ್ಣಿ ಕಚ್ಚಿ ಬರುವ ಜ್ವರಕ್ಕೆ ರಕ್ತಪರೀಕ್ಷೆ ಮಾಡಿಸಿ. ಮಳೆಗಾಲದ ನಿಂತ ನೀರಿನಲ್ಲಿ ಇಲಿಜ್ವರದ ಭಯವಿದೆ, ಅದರ ಲಸಿಕೆಯನ್ನೂ ಮರೆಯಬೇಡಿ.

ಹೌಸಿಂಗ್ ಸೊಸೈಟಿಯವರು ತಕರಾರು ತೆಗೆದರೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯ ಪ್ರತಿ ತೋರಿಸಿ. ಸಾಕುನಾಯಿಗೆ ನಿಷೇಧ ಹೇರುವಂತಿಲ್ಲ, ಲಿಫ್ಟ್ ಬೇಡ ಅನ್ನುವಂತಿಲ್ಲ ಅಂತ ಅದರಲ್ಲಿದೆ. ಹೇಲು ಎತ್ತುವ ಚೀಲ ಮಾತ್ರ ನಿಮ್ಮ ಕೈಯಲ್ಲಿರಲಿ, ಅರ್ಧ ಜಗಳ ಶುರುವಾಗುವುದೇ ಅಲ್ಲಿ.