ಸರ್ಟಿಫಿಕೇಟ್ ಬಂತು, ಇನ್ನು ಮಗುವಿನ ಎದುರು ಕೂರಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದವು. ಮಕ್ಕಳಿಗೆ, ಹದಿಹರೆಯದವರಿಗೆ ಕೌನ್ಸೆಲಿಂಗ್ ಮಾಡಬೇಕಾದರೆ ಏನು ಕಲಿಯಬೇಕು, ಎಲ್ಲಿ ಕಲಿಯಬೇಕು ಅಂತ. ಶಾಲಾ ಕೌನ್ಸೆಲರ್‌ಗಳಿಗೆ ತರಬೇತಿ ಕೊಡುವುದೇ ನನ್ನ ಕೆಲಸ. ಹಾಗಾಗಿ ಇವತ್ತಿನ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ಮೇಡಂ, ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಮನೆಯ ಜಗಳ, ಪ್ರೀತಿ-ಪ್ರೇಮ, ಪರೀಕ್ಷೆ ಭಯ, ಎಲ್ಲವನ್ನೂ ಮಕ್ಕಳು ನನ್ನ ಹತ್ತಿರ ಹೇಳಿಕೊಳ್ಳುತ್ತಾರೆ. ಈಚೆಗೆ ಎರಡು ದಿನದ ಆನ್‌ಲೈನ್ ಕೋರ್ಸ್ ಮುಗಿಸಿದೆ. ‘ಸರ್ಟಿಫೈಡ್ ಚೈಲ್ಡ್ ಕೌನ್ಸೆಲರ್’ ಅಂತ ಸರ್ಟಿಫಿಕೇಟ್ ಬಂದಿದೆ. ಸಂಜೆ ಹೊತ್ತು ಊರಲ್ಲಿ ಕೌನ್ಸೆಲಿಂಗ್ ಶುರು ಮಾಡಬಹುದಾ? — ಶಿಕ್ಷಕರು, ಹಾವೇರಿ ಜಿಲ್ಲೆ

ಬೇಡ ಸರ್, ಈಗಲೇ ಬೋರ್ಡ್ ಹಾಕಬೇಡಿ. ಮಕ್ಕಳು ನಿಮ್ಮನ್ನು ನಂಬುತ್ತಾರಲ್ಲ, ಅದು ದೊಡ್ಡ ವಿಷಯ. ಅದನ್ನು ಯಾವ ಕೋರ್ಸೂ ಕೊಡುವುದಿಲ್ಲ. ಆದರೆ ನಂಬಿ ಹೇಳಿಕೊಂಡ ಮೇಲೆ ಏನು ಮಾಡಬೇಕು ಅನ್ನುವುದು ಎರಡು ದಿನದಲ್ಲಿ ಬರುವ ವಿದ್ಯೆಯಲ್ಲ.

ನಮ್ಮ ತರಬೇತಿಯಲ್ಲಿ ಮೊದಮೊದಲು ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಎರಡು ಕುರ್ಚಿ ಹಾಕುತ್ತೇವೆ. ಒಬ್ಬರದು ಒಂಬತ್ತನೇ ಕ್ಲಾಸಿನ ಹುಡುಗಿಯ ಪಾತ್ರ, ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದ್ದಾಳೆ. ಇನ್ನೊಬ್ಬರು ಕೌನ್ಸೆಲರ್. ಐದು ನಿಮಿಷ ಮಾತಾಡಬೇಕು. ಬುದ್ಧಿ ಹೇಳುವ ಹಾಗಿಲ್ಲ, ‘ನಮ್ಮ ಕಾಲದಲ್ಲಿ’ ಅನ್ನುವ ಹಾಗಿಲ್ಲ. ಪಾಠ ಮಾಡಿ ಅಭ್ಯಾಸ ಇರುವವರಿಗೆ ಇದು ಬಹಳ ಕಷ್ಟ. ಎರಡನೇ ನಿಮಿಷಕ್ಕೇ ‘ನೋಡು ಪುಟ್ಟಾ, ಓದು ಮುಖ್ಯ’ ಅಂತ ಬಾಯಿಗೆ ಬಂದುಬಿಡುತ್ತದೆ. ‘ಯಾಕೆ ಶಾಲೆಗೆ ಬರ್ತಿಲ್ಲ?’ ಅಂತ ಕೇಳಿದರೆ ಹುಡುಗಿ ತಲೆ ತಗ್ಗಿಸಿ ‘ಹುಷಾರಿರಲಿಲ್ಲ’ ಅನ್ನುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಅದೇ ‘ಬೆಳಿಗ್ಗೆ ಎದ್ದಾಗಿಂದ ಶಾಲೆ ಗೇಟಿನವರೆಗೆ ಏನೇನಾಗುತ್ತೆ, ಹೇಳ್ತಾ ಹೋಗು’ ಅಂದರೆ, ಬಸ್ ಸ್ಟಾಪಿನಲ್ಲಿ ನಿಂತು ಕಾಡುವ ಹುಡುಗರ ವಿಷಯ ತಾನಾಗಿ ಹೊರಗೆ ಬರುತ್ತದೆ. ಇದನ್ನು ವಿಡಿಯೋ ನೋಡಿ ಕಲಿಯಲಾಗದು. ಮಾಡಬೇಕು, ತಪ್ಪಬೇಕು, ಪಕ್ಕದಲ್ಲಿ ಕೂತವರು ‘ಇಲ್ಲಿ ನೀವು ಅವಸರ ಮಾಡಿದಿರಿ’ ಅಂತ ಹೇಳಬೇಕು.

ಇನ್ನೂ ಚಿಕ್ಕ ಮಕ್ಕಳಾದರೆ ಮಾತೇ ಸಾಲದು. ಕ್ರೇಯಾನ್ಸ್, ಜೇಡಿಮಣ್ಣು, ಗೊಂಬೆ ಬೇಕು. ನೆಲದ ಮೇಲೆ ಚಾಪೆ ಹಾಸಿ ಅವರ ಮಟ್ಟಕ್ಕೆ ಕೂರಬೇಕು. ದೌರ್ಜನ್ಯದ ಅನುಮಾನ ಬಂದಾಗಲಂತೂ ಪ್ರತಿ ಪ್ರಶ್ನೆಯನ್ನೂ ತೂಗಿ ಕೇಳಬೇಕು. ‘ಮಾವ ಏನಾದ್ರೂ ಮಾಡಿದ್ನಾ?’ ಅಂತ ಉತ್ತರವನ್ನು ನಾವೇ ಬಾಯಿಗಿಟ್ಟರೆ ಮಗು ಸುಮ್ನೆ ಹೂಂ ಅನ್ನಬಹುದು, ಹೆದರಿ ಬಾಯಿ ಮುಚ್ಚಬಹುದು. ನಾಳೆ ಕೋರ್ಟಿನಲ್ಲಿ ಆ ಮಗು ಹೇಳಿದ ನಿಜವನ್ನೂ ‘ಯಾರೋ ಹೇಳಿಕೊಟ್ಟಿದ್ದು’ ಅಂತ ತಳ್ಳಿಹಾಕಲು ದಾರಿಯಾಗುತ್ತದೆ. ‘ಆಮೇಲೆ ಏನಾಯ್ತು?’ ಅನ್ನುವುದರಿಂದ ಆಚೆಗೆ ಹೋಗಬೇಕಾದರೆ ತರಬೇತಿ ಬೇಕೇ ಬೇಕು.

ಕಲಿಯುವ ಆಸೆ ನಿಜವಾಗಿಯೂ ಇದ್ದರೆ ನಿಮ್ಮಂಥ ಶಿಕ್ಷಕರಿಗೆ ಒಳ್ಳೆಯ ದಾರಿ ಇದೆ. ಎನ್‌ಸಿಇಆರ್‌ಟಿ ನಡೆಸುವ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಒಂದು ವರ್ಷದ್ದು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರ. ಮೊದಲ ಆರು ತಿಂಗಳು ಮನೆಯಲ್ಲೇ ಓದು, ಮೂರು ತಿಂಗಳು ಅಲ್ಲಿಗೇ ಹೋಗಿ ಕಲಿಯಬೇಕು, ಕೊನೆಯ ಮೂರು ತಿಂಗಳು ನಿಮ್ಮ ಊರಲ್ಲೇ ಇಂಟರ್ನ್‌ಶಿಪ್. ನಿಮ್ಹಾನ್ಸ್‌ನಲ್ಲಿ ‘ಸಂವಾದ್’ ಅನ್ನುವ ಯೋಜನೆ ಇದೆ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ್ದು. ಕಷ್ಟದ ಪರಿಸ್ಥಿತಿಯಲ್ಲಿರುವ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಅಲ್ಲಿ ತರಬೇತಿ ಸಿಗುತ್ತದೆ. ಇದನ್ನೇ ವೃತ್ತಿ ಮಾಡಿಕೊಳ್ಳುವವರು ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನೋ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನೋ ಮಾಡುವುದು ಒಳ್ಳೆಯದು. ಯಾವ ಕೋರ್ಸಿಗೆ ಸೇರುವಾಗಲೂ ಫೀಸಿಗಿಂತ ಮೊದಲು ಒಂದು ಮಾತು ಕೇಳಿ: ನಾನು ಮಕ್ಕಳ ಜೊತೆ ಮಾಡಿದ ಕೆಲಸವನ್ನು ಯಾರು ಕೂತು ನೋಡುತ್ತಾರೆ, ಎಷ್ಟು ಗಂಟೆ ನೋಡುತ್ತಾರೆ? ಇದಕ್ಕೆ ಸರಿಯಾದ ಉತ್ತರ ಕೊಡದ ಕಡೆ ದುಡ್ಡು ಕಟ್ಟಬೇಡಿ.

ಅಲ್ಲಿಯವರೆಗೆ ಮೇಷ್ಟ್ರಾಗಿಯೇ ಕೇಳಿಸಿಕೊಳ್ಳಿ. ನಿಮ್ಮ ಕೈ ಮೀರಿದ್ದು ಅನ್ನಿಸಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ ಇದೆ. ಹದಿಹರೆಯದವರಿಗೆ ಅಂತಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ನಿಮಗೆ ದೂರವಲ್ಲ. ಸರಿಯಾದ ಜಾಗಕ್ಕೆ ಕಳಿಸುವುದೂ ಕಲಿಯಬೇಕಾದ ಕೆಲಸವೇ.

ಪ್ರಶ್ನೆ: ಎಂಎಸ್ಸಿ ಮುಗಿಸಿ ಈ ವರ್ಷ ಖಾಸಗಿ ಶಾಲೆಯೊಂದಕ್ಕೆ ಕೌನ್ಸೆಲರ್ ಆಗಿ ಸೇರಿದ್ದೇನೆ. ಮಕ್ಕಳು ‘ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಮಿಸ್’ ಅನ್ನುತ್ತಾರೆ. ಪ್ರಿನ್ಸಿಪಾಲರು ‘ಎಲ್ಲಾ ಫೈಲ್ ನನ್ನ ಟೇಬಲ್ ಮೇಲೆ ಇರಲಿ’ ಅನ್ನುತ್ತಾರೆ. ನಾನು ಯಾರ ಮಾತು ಕೇಳಲಿ? — ಹೆಸರು ಬೇಡ, ಶಿವಮೊಗ್ಗ

ಇಬ್ಬರ ಮಾತನ್ನೂ ಪೂರ್ತಿ ಒಪ್ಪಿಕೊಳ್ಳುವ ಹಾಗಿಲ್ಲ ನೋಡಿ. ಕಾಲೇಜಿನಲ್ಲಿ ಗೋಪ್ಯತೆ ಅಂತ ಒಂದು ಪಾಠ ಮಾಡಿರುತ್ತಾರೆ. ಮಗು ಎದುರಿಗೆ ಕೂತು ಅಳುವಾಗ ಏನು ಹೇಳಬೇಕು ಅಂತ ಹೇಳಿಕೊಟ್ಟಿರುವುದಿಲ್ಲ.

ಪ್ರಾಮಿಸ್ ಮಾಡಬೇಡಿ. ಮೊದಲ ಭೇಟಿಯಲ್ಲೇ, ಮಗು ಏನೂ ಹೇಳುವ ಮುಂಚೆಯೇ, ಮನೆಯಲ್ಲಿ ಮಾತಾಡುವ ಕನ್ನಡದಲ್ಲಿ ಹೀಗೆ ಹೇಳಿ: ‘ನೀನು ಇಲ್ಲಿ ಹೇಳಿದ್ದನ್ನ ನಾನು ಕ್ಲಾಸ್ ಟೀಚರ್ ಹತ್ರ, ಫ್ರೆಂಡ್ಸ್ ಹತ್ರ ಮಾತಾಡಲ್ಲ. ಆದ್ರೆ ನಿನ್ನ ಜೀವಕ್ಕೆ ತೊಂದ್ರೆ ಆಗುತ್ತೆ ಅನ್ಸಿದ್ರೆ, ಯಾರಾದ್ರೂ ನಿಂಗೆ ನೋವು ಮಾಡ್ತಿದ್ರೆ, ಸಹಾಯ ಮಾಡೋರಿಗೆ ಹೇಳ್ಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿಂಗೇ ಹೇಳ್ತೀನಿ.’ ಕನ್ನಡಿಯ ಮುಂದೆ ನಿಂತು ಇದನ್ನು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಕಾನೂನು ಇದರಲ್ಲಿ ಖಡಕ್ಕಾಗಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ಗೊತ್ತಾದ ಯಾರೇ ಆದರೂ ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು. ಕೌನ್ಸೆಲರ್‌ಗೆ ವಿನಾಯಿತಿ ಇಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಒಳ್ಳೆಯ ಉದ್ದೇಶದಿಂದ ತಿಳಿಸಿದವರಿಗೆ ಅದೇ ಸೆಕ್ಷನ್ ರಕ್ಷಣೆಯನ್ನೂ ಕೊಡುತ್ತದೆ. ಪೊಲೀಸರಿಗೆ ತಿಳಿಸಿದ ಮೇಲೆ ಏನಾಗುತ್ತದೆ ಅನ್ನುವುದೂ ನಿಮಗೆ ತಿಳಿದಿರಲಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಯೂನಿಫಾರ್ಮ್ ಹಾಕಿರಬಾರದು. ಮಗುವಿಗೆ ಇಷ್ಟು ಹೇಳಿದರೂ ಅರ್ಧ ಭಯ ಇಳಿಯುತ್ತದೆ. ನನ್ನನ್ನು ಕೇಳಿದರೆ, ಈ ಕಾನೂನಿನ ಪಾಠ ಇಲ್ಲದ ಕೌನ್ಸೆಲಿಂಗ್ ಕೋರ್ಸಿಗೆ ಮಾನ್ಯತೆಯನ್ನೇ ಕೊಡಬಾರದು.

ಪ್ರಿನ್ಸಿಪಾಲರ ವಿಷಯ. ಎಷ್ಟು ಮಕ್ಕಳು ಬಂದರು, ಸ್ಥೂಲವಾಗಿ ಯಾವ ರೀತಿಯ ಸಮಸ್ಯೆ, ಶಾಲೆ ಏನು ಮಾಡಬೇಕು, ಇಷ್ಟನ್ನು ಪ್ರತಿ ತಿಂಗಳು ಹೆಸರಿಲ್ಲದೆ ಕೊಡಿ. ಮಗುವಿನ ಮಾತು ಬರೆದಿಟ್ಟ ನೋಟ್ಸ್ ನಿಮ್ಮ ಬೀರುವಿನಲ್ಲಿ, ಬೀಗ ಹಾಕಿ ಇರಲಿ. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಪುಟದ ನಿಯಮ ಬರೆದು ಆಡಳಿತ ಮಂಡಳಿಯ ಸಹಿ ತಗೊಳ್ಳಿ. ಹೊಸಬರಿಗೆ ಹೆದರಿಕೆ ಆಗುತ್ತೆ, ನಿಜ. ಆದರೆ ಒಂದು ಮಗುವಿನ ಗುಟ್ಟು ಸ್ಟಾಫ್ ರೂಮಿಗೆ ಬಂತು ಅಂದರೆ ಮತ್ತೆ ಒಂದು ಮಗುವೂ ನಿಮ್ಮ ರೂಮಿನ ಬಾಗಿಲು ತಟ್ಟುವುದಿಲ್ಲ.

ಪ್ರಶ್ನೆ: ಮಕ್ಕಳ ಪುನರ್ವಸತಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತೇನೆ ಅಕ್ಕ. ದಿನಾ ಕೇಳುವ ಕಥೆಗಳಿಂದ ರಾತ್ರಿ ನಿದ್ದೆ ಬರುತ್ತಿಲ್ಲ. ಮಕ್ಕಳ ಮೇಲೇ ರೇಗುತ್ತಿದ್ದೇನೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವಾ? — ಕಲಬುರಗಿ

ಹಾಗೆ ಅಂದುಕೊಳ್ಳಬೇಡಮ್ಮಾ. ನೋವು ಕೇಳಿ ಕೇಳಿ ಮನಸ್ಸು ದಣಿಯುವುದು ಸಹಜ. ನಿನ್ನ ಮಾತು ಕೇಳಿಸಿಕೊಳ್ಳುವವರು ಯಾರಿದ್ದಾರೆ, ಅದನ್ನು ಮೊದಲು ನೋಡು. ಅನುಭವಿ ಕೌನ್ಸೆಲರ್ ಒಬ್ಬರ ಜೊತೆ ವಾರಕ್ಕೊಮ್ಮೆ, ಆಗದಿದ್ದರೆ ಹದಿನೈದು ದಿನಕ್ಕೊಮ್ಮೆ, ಕೂತು ಕೇಸುಗಳ ಬಗ್ಗೆ ಮಾತಾಡಬೇಕು. ಇದನ್ನು ಸೂಪರ್‌ವಿಷನ್ ಅನ್ನುತ್ತೇವೆ. ಮೇಲಧಿಕಾರಿಯ ತಪಾಸಣೆ ಅಲ್ಲ ಅದು. ಸಂಬಳದ ಜೊತೆ ಇದನ್ನೂ ಕೊಡುವುದು ಸಂಸ್ಥೆಯ ಜವಾಬ್ದಾರಿ. ಕೇಳು, ಬರಹದಲ್ಲೇ ಕೇಳು. ಕೊಡದಿದ್ದರೆ ನಿಮ್ಮ ಜಿಲ್ಲೆಯಲ್ಲಿ ಇದೇ ಕೆಲಸ ಮಾಡುವ ಮೂರ್ನಾಲ್ಕು ಜನ ಸೇರಿ, ಮಕ್ಕಳ ಹೆಸರು ಹೇಳದೆ ಮಾತಾಡಿಕೊಳ್ಳಿ.

ನಿದ್ದೆ ಇಲ್ಲ ಅಂದೆಯಲ್ಲ, ಅದನ್ನು ಮಾತ್ರ ಮುಂದೂಡಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕೌನ್ಸೆಲರ್ ಆಗಿ ನಾನು ಹೇಗೆ ಮಾಡಲಿ ಅಂತ ಸಂಕೋಚ ಬೇಡ.

ಪ್ರಶ್ನೆ: ಮಗನನ್ನು ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇವೆ. ಅವರು ನಿಜವಾಗಿ ಕಲಿತವರಾ ಅಂತ ತಿಳಿಯುವುದು ಹೇಗೆ? ಕೇಳಿದರೆ ಬೇಜಾರಾಗುತ್ತಾರಾ? — ತಾಯಿ, ತುಮಕೂರು

ಕೇಳಿ ಅಮ್ಮಾ, ಧಾರಾಳವಾಗಿ ಕೇಳಿ. ಸರಿಯಾಗಿ ಕಲಿತವರು ಬೇಜಾರಾಗುವುದಿಲ್ಲ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಇದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಸಂಖ್ಯೆ ಕೇಳಿ, ಇರಲೇಬೇಕು. ಕೌನ್ಸೆಲರ್ ಅನ್ನುವ ಹೆಸರಿಗೆ ಇಷ್ಟು ವರ್ಷ ಅಂಥ ಬೇಲಿ ಇರಲಿಲ್ಲ. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಕೌನ್ಸೆಲರ್‌ಗಳೂ ಸೇರಿದ್ದಾರೆ. ಆದರೂ ನೀವೇ ವಿಚಾರಿಸುವುದು ಒಳ್ಳೆಯದು: ಎಲ್ಲಿ ಓದಿದಿರಿ, ಮಕ್ಕಳ ಜೊತೆ ಯಾರ ಕೈಕೆಳಗೆ ಕೆಲಸ ಕಲಿತಿರಿ, ಈಗಲೂ ಕಷ್ಟದ ಕೇಸು ಬಂದರೆ ಯಾರನ್ನು ಕೇಳುತ್ತೀರಿ? ‘ನಾನು ಯಾರನ್ನೂ ಕೇಳುವ ಅಗತ್ಯ ಇಲ್ಲ’ ಅನ್ನುವವರ ಹತ್ತಿರ ಮಗನನ್ನು ಬಿಡಬೇಡಿ. ಇಷ್ಟು ಸೆಷನ್‌ನಲ್ಲಿ ಗ್ಯಾರಂಟಿ ಸರಿ ಮಾಡುತ್ತೇನೆ ಅನ್ನುವವರ ಹತ್ತಿರವೂ ಬೇಡ.