ಅಸ್ಪೃಶ್ಯತೆಯ ಕಾಲದಲ್ಲಿ ಪಾಲ್ವಂಕರ್ ಬಾಲೂ ಕ್ರಿಕೆಟ್‌ನಲ್ಲಿ ನೆಲೆ ನಿಂತದ್ದು ಹೇಗೆ?

ನನ್ನ ಪ್ರಕಾರ, ಬೌಲಿಂಗ್ ಮೇಲಿದ್ದ ಹಿಡಿತದಿಂದ. ಆ ಹಿಡಿತವನ್ನು ಅವರು ಗಳಿಸಿದ್ದು ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ಕೂಲಿಯಾಳಾಗಿದ್ದಾಗ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ, ಚಮ್ಮಾರ ಸಮುದಾಯದ ಈ ಎಡಗೈ ಸ್ಪಿನ್ನರ್‌ಗೆ ಅಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳ. ಪಿಚ್ ಸಮ ಮಾಡಬೇಕು, ನೆಟ್ ಕಟ್ಟಬೇಕು, ಸಾಹೇಬರು ಅಭ್ಯಾಸಕ್ಕೆ ಬಂದರೆ ಗಂಟೆಗಟ್ಟಲೆ ಬೌಲ್ ಮಾಡಬೇಕು. ಬ್ಯಾಟ್ ಮಾತ್ರ ಅವರ ಕೈಗೆ ಸಿಗುತ್ತಿದ್ದುದೇ ಅಪರೂಪ.

ಪುಣೆಯ ಹಿಂದೂ ತಂಡಕ್ಕೆ ಅವರ ವಿಕೆಟ್‌ಗಳು ಬೇಕಿದ್ದವು. ಆದರೆ ಚಹಾ ವಿರಾಮದಲ್ಲಿ ಸಹ ಆಟಗಾರರು ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರೆ, ಬಾಲೂಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟದ ತಟ್ಟೆಯೂ ಬೇರೆ. ಅವರು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು ಎನ್ನುವುದನ್ನು ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

1911ರ ಇಂಗ್ಲೆಂಡ್ ಪ್ರವಾಸದಲ್ಲಿ ಭಾರತ ತಂಡ ಸೋಲುತ್ತಲೇ ಹೋದರೂ ಬಾಲೂ 114 ವಿಕೆಟ್ ಕಿತ್ತರು. ಇಷ್ಟಾದರೂ, ಸಮುದಾಯವಾರು ತಂಡಗಳು ಆಡುತ್ತಿದ್ದ ಮುಂಬೈ ಟೂರ್ನಿಯಲ್ಲಿ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. ಹಾಗಂತ ಅವರ ಮನೆಯವರು ಸುಮ್ಮನಿರಲಿಲ್ಲ. 1920ರಲ್ಲಿ ತಮ್ಮಂದಿರಾದ ವಿಠ್ಠಲ ಮತ್ತು ಶಿವರಾಮ ಪ್ರತಿಭಟಿಸಿ ತಂಡದಿಂದ ಹೊರನಡೆದರು. ಆಮೇಲೆ ಬಾಲೂಗೆ ಉಪನಾಯಕನ ಸ್ಥಾನ ಕೊಟ್ಟರು. 1923ರಲ್ಲಿ ವಿಠ್ಠಲರೇ ನಾಯಕರಾದರು, ಆ ವರ್ಷ ಹಿಂದೂ ತಂಡ ಟೂರ್ನಿಯನ್ನೂ ಗೆದ್ದಿತು.