ಕೊಡಗಿನ ಕೋವಿ ವಿನಾಯಿತಿ ಅಮೆರಿಕದ ಎರಡನೇ ತಿದ್ದುಪಡಿಗೆ ಸಮವೇ?

ಸಮವಲ್ಲ. ಎರಡನೇ ತಿದ್ದುಪಡಿ ಅಮೆರಿಕದವರಿಗೆ ಕೊಡುವುದು ಆಯುಧ ಹೊಂದುವ ಸಂವಿಧಾನದ ಹಕ್ಕು. ಅದನ್ನು ತೆಗೆಯಲು 38 ರಾಜ್ಯಗಳ ಒಪ್ಪಿಗೆ ಬೇಕು. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ನಿಂತಿರುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನಡಿಯ ಒಂದು ಕೇಂದ್ರ ಅಧಿಸೂಚನೆಯ ಮೇಲೆ. ಈಗಿನದು 2029ರ ಅಕ್ಟೋಬರ್‌ವರೆಗೆ ಮಾತ್ರ. ಅದೇ ಕಲಮು ರದ್ದುಮಾಡುವ ಅಧಿಕಾರವನ್ನೂ ದೆಹಲಿಗೇ ಕೊಟ್ಟಿದೆ.

ಜನ ಎಡವುವುದು ಜಿಲ್ಲೆಯ ಗಡಿ ದಾಟಿದಾಗ. ಹೊರಗೆ 100 ಗುಂಡಿನೊಂದಿಗೆ ಒಂದು ರೈಫಲ್, 500 ತೋಟಾಗಳೊಂದಿಗೆ ಒಂದು ನಯನಳಿಗೆಯ (ಸ್ಮೂತ್‌ಬೋರ್) ಕೋವಿ, ಅಷ್ಟೇ ಮಿತಿ.

‘ಸರ್ಕಾರದ ವಿರುದ್ಧ ಜನರ ಕೈಲಿ ಆಯುಧ’ ಎಂಬ ಎರಡನೇ ತಿದ್ದುಪಡಿಯ ಬೆಂಬಲಿಗರ ವಾದವಂತೂ ಇಲ್ಲಿ ತಲೆಕೆಳಗು. ಬಂದೂಕುಗಳಿಗೆ ಬ್ರಿಟಿಷರು ಕಡಿವಾಣ ಹಾಕುತ್ತಿದ್ದ ಕಾಲದಲ್ಲೇ, 1861ರಲ್ಲಿ, ನಿಷ್ಠೆ ಮೆಚ್ಚಿ ಕೊಡವರಿಗೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಈ ರಿಯಾಯಿತಿ ಕೊಟ್ಟದ್ದು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೋಕ್ ಪೂ (ಕೋವಿ ಹೂವು) ಸಿಕ್ಕಿಸುವ ಕೋವಿಗೆ ಬಂಡಾಯದ ಸಿದ್ಧಾಂತ ಅಂಟಿಸಬೇಡಿ.